ತಮ್ಮನ ಮನೆಯ ದಿಕ್ಕು

ಹನ್ನೆರಡು ವರ್ಷದ ಹಿಂದೆ ನಡುಗೋಡೆಯ ಜಗಳದಲ್ಲಿ ಮಾದಯ್ಯ ಕರ್ಪೂರ ಹಚ್ಚಿ ದೇವರಾಣೆ ಹಾಕಿದ್ದ: ಇನ್ನು ತಮ್ಮನ ಮನೆಯ ಕಡೆ ಮುಖ ತಿರುಗಿಸುವುದಿಲ್ಲ. ಬೇರೆ ಬೀದಿಗೆ ಮನೆ ಬದಲಿಸಿ, ಅಂದಿನಿಂದ ಆ ಬೀದಿಯ ತುದಿ ದಾಟುವಾಗಲೆಲ್ಲ ಕತ್ತನ್ನು ಆಚೆಗೆ ಹೊರಳಿಸಿಯೇ ಆಟೋ ಓಡಿಸಿದ್ದ.

ಇಂದು ತಮ್ಮನ ಮಗಳ ಮದುವೆ, ಆ ಮನೆಯ ಮುಂದಿನ ಚಪ್ಪರದಲ್ಲೇ. "ದೊಡ್ಡಪ್ಪ, ನೀವು ಬರ್ದಿದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ" ಎಂದು ಬೆಳಗ್ಗೆ ಫೋನಿನಲ್ಲಿ ಅತ್ತಿದ್ದಳು. ಎತ್ತಿ ಆಡಿಸಿದ ಕೂಸು. ಮನೆಯಲ್ಲಿ ಕೂರಲಾಗದೆ ಮಾದಯ್ಯ ತನ್ನ ಹಳೇ ಟೂ-ಸ್ಟ್ರೋಕ್ ಆಟೋ ತೆಗೆದುಕೊಂಡು ಗ್ಯಾರೇಜಿಗೆ ಬಂದ. ಎಂಜಿನ್ ಬಿಚ್ಚಿ ಕಟ್ಟಿಸಿದಾಗಿನಿಂದ ಅದು ಢಬ್ ಢಬ್ ಎಂದು ಸಿಡಿಯುತ್ತಿತ್ತು.

ಮೆಕ್ಯಾನಿಕ್ ದಸ್ತಗೀರ್ ಪ್ಲಗ್ ಬದಲಿಸಿದ, ಪಾಯಿಂಟ್ ಉಜ್ಜಿದ, ಕಿಡಿಯ ಹೊತ್ತು ಹೊಂದಿಸುವ ಟೈಮಿಂಗ್ ಪ್ಲೇಟನ್ನು ಒಂಚೂರು ತಿರುಗಿಸಿದ. ಸಿಡಿತ ನಿಂತಿತು. ಮಾದಯ್ಯ ಹತ್ತಿ ಕೂತು ಮೊದಲ ಗೇರ್ ಹಾಕಿದರೆ ಆಟೋ ಹಿಂದಕ್ಕೆ ಹೊರಟಿತು!

"ಥೂ, ಟೈಮಿಂಗ್ ಹೆಚ್ಚುಕಮ್ಮಿ ಆಗೋಯ್ತು. ಎಂಜಿನ್ನೇ ಉಲ್ಟಾ ತಿರುಗ್ತಾ ಐತೆ ಮಾದಣ್ಣ, ಎಲ್ಲಾ ಗೇರೂ ಹಿಂದಕ್ಕೇ. ಆಫ್ ಮಾಡಣ್ಣ, ಐದೇ ನಿಮಿಷ, ಸರಿ ಮಾಡ್ತೀನಿ."

"ಮುಟ್ಟಿದ್ರೆ ಕೈ ಮುರಿದಾಕ್ತೀನಿ!"

"ಅಯ್ಯೋ, ಹಿಂಗೇ ಎಲ್ಲಿಗೆ ಹೊಂಟೆ? ದಾರಿ ಕಾಣಬೇಡ್ವಾ?"

"ಕನ್ನಡಿ ಇರೋದ್ಯಾಕ್ಲಾ?"

ಮುಹೂರ್ತಕ್ಕೆ ಸರಿಯಾಗಿ ಆಟೋ ಹಿಂಬದಿಯಿಂದಲೇ ಚಪ್ಪರದೊಳಕ್ಕೆ ಬಂದು ನಿಂತಿತು. ಬೀದಿಯ ಕಡೆಗೇ ನೋಡುತ್ತ ಕೂತಿದ್ದ ಮಾದಯ್ಯ ಅಕ್ಷತೆಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎರಚಿದ. ಆಣೆ ಮುರಿಯಲಿಲ್ಲ.