ಕೂಸಿಗೆಂದು ಇಟ್ಟ ಏಳು ನಿಮಿಷ

ಸಕ್ಕರೆ ಕಾಯಿಲೆ ಕಣ್ಣಿಗೇರಿದ ಬಸುರಿಯರಿಗೆಲ್ಲ ಆಸ್ಪತ್ರೆಯವರು ಐದನೇ ತಿಂಗಳಲ್ಲೇ ಕಣ್ಣಿಗೆ ಪಟ್ಟಿ ಕಟ್ಟುತ್ತಿದ್ದರು. ಅಳಿದುಳಿದ ನೋಟ ಅದರೊಳಗೆ ಹೆರಿಗೆಯ ತನಕ ಕೆಡದೆ ಇರುತ್ತಿತ್ತು. ಶಶಿಕಲಾಳ ಪಾಲಿಗೆ ಉಳಿದದ್ದು ಏಳು ನಿಮಿಷದ ನೋಟ. ಕೂಸಿನ ಮುಖ ನೋಡಲೆಂದು ತೆಗೆದಿಟ್ಟದ್ದು.

ಬಯಕೆಯೂಟಕ್ಕೆ ತಾಯಿ ಗುರುಬಸವ್ವ ಹೋಳಿಗೆಯೊಂದನ್ನು ಬಿಟ್ಟು ಎಲ್ಲ ಕಟ್ಟಿಕೊಂಡು ಬಂದಿದ್ದಳು. ಮಗಳು ಎಣ್ಣೆಗಾಯಿಯನ್ನೂ ಮುಟ್ಟಲಿಲ್ಲ.

"ಮತ್ತೇನ್ ಬಯಕಿ ಐತಿ, ಹೇಳವ್ವಾ."

"ನಿನ್ನ ಮಾರಿ ನೋಡಬೇಕನಸ್ತೈತಿ. ಇರ್ಲಿ ಬಿಡು, ಸುಮ್ನ ಅಂದೆ."

ಗುರುಬಸವ್ವನಿಗೆ ಸುಮ್ಮನಿರಲಾಗಲಿಲ್ಲ. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದಲ್ಲ! ಗಡಿಗೆಯ ಮುಚ್ಚಳದಂತೆ ತುಸು ಸರಿಸಿ ಮತ್ತೆ ಮುಚ್ಚಿದರಾಯಿತು ಎಂದುಕೊಂಡು, ತಲೆ ನೇವರಿಸುವ ನೆಪದಲ್ಲಿ ಪಟ್ಟಿಯ ಗುಂಡಿ ಬಿಚ್ಚಿಬಿಟ್ಟಳು.

ಶಶಿಕಲಾ ಬೆಳಕಿಗೆ ಬೆಚ್ಚಿಬಿದ್ದಳು. "ಅವ್ವಾ! ಒಮ್ಮೆ ಬಿಚ್ಚಿದ್ರ ಅದು ಮತ್ತ ನಿಲ್ಲಂಗಿಲ್ಲ!"

ಗುರುಬಸವ್ವ ಪಟ್ಟಿಯನ್ನು ಮಗಳ ಕಣ್ಣಿಗೆ ಒತ್ತಿ ಹಿಡಿದಳು. ಅದರ ಅಂಚಿನಲ್ಲಿ ಉಳಿದ ನಿಮಿಷ ತೋರಿಸುವ ಅಂಕಿ ಇಳಿಯುತ್ತಲೇ ಇತ್ತು: ಆರು, ಐದು, ನಾಲ್ಕು.

"ಈ ಕೈಗೆ ಬೆಂಕಿ ಹಚ್ಲಿ," ಎಂದು ಪಟ್ಟಿ ಬಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಶಶಿಕಲಾ ಆ ಸೆರಗನ್ನು ಮೆಲ್ಲಗೆ ಎಳೆದಳು. "ಮಾರಿ ಮುಚ್ಚಬ್ಯಾಡವ್ವಾ, ಹೊತ್ತು ಹೊಂಟೈತಿ. ಕೂಸು ನಿನ್ನಂಗ ಇದ್ರ, ಅದನ್ನೂ ನೋಡಿದಂಗ ಆಗ್ತೈತಿ."

ಗುರುಬಸವ್ವ ಮುಖ ಒರೆಸಿಕೊಂಡಳು. ಉಳಿದ ಮೂರು ನಿಮಿಷವೂ ಕೂಸಿನ ಹಾಗೆ ನಗಲು ನೋಡಿದಳು; ನಗು ಬರಲಿಲ್ಲ.