ಡುಮ್ಮನಿಗೊಂದು ದುರ್ಬೀನು

ಹೆಂಡತಿ ವರ್ನಾ ಹೊಸ ದುರ್ಬೀನು ಕೂರಿಸಿದ ಕೋವಿಯನ್ನು ತಂದು ಕೈಗಿಟ್ಟಾಗ ಲಮಾರ್ ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟ.

"ತಗೋ. ಕಣ್ಣು ಮಂಜು, ಕಣ್ಣು ಮಂಜು ಅಂತ ಬೇಸಿಗೆಯೆಲ್ಲಾ ರಾಗ ಎಳೆದೆಯಲ್ಲ! ಅಂಗಡಿಯವನೇ ಗುರಿ ಹೊಂದಿಸಿ ಕೊಟ್ಟಿದ್ದಾನೆ."

"ಇಷ್ಟು ಚಿಕ್ಕದಾ? ಪಕ್ಕದ ಎಲ್ವುಡ್ ಹತ್ರ ಮೊಳದುದ್ದದ್ದು ಇದೆ."

"ಎಲ್ವುಡ್ ಹೊಡೆಯೋದು ಗುಡ್ಡದಾಚೆಗೆ. ನಿನ್ನ ಡುಮ್ಮ ಕೂತಿರೋದು ನನ್ನ ಕೋಸಿನ ಮಡಿಯಲ್ಲಿ. ನಾಲ್ಕು ಪಟ್ಟು ದೊಡ್ಡದಾಗಿ ಕಂಡರೆ ಧಾರಾಳ ಸಾಕಂತೆ. ಇವತ್ತೂ ತಪ್ಪಿತೋ, ನಾಳೆ ಎಲ್ವುಡ್‌ನನ್ನೇ ಕರೀತೀನಿ."

ಡುಮ್ಮ ಎಂದರೆ ಬೇಲಿಯ ಬುಡದಲ್ಲಿ ಬಿಲ ತೋಡಿಕೊಂಡಿದ್ದ ಗ್ರೌಂಡ್‌ಹಾಗ್ ಎಂಬ ಅಳಿಲಿನ ಜಾತಿಯ ಪ್ರಾಣಿ. ಬೆಕ್ಕಿಗಿಂತ ದಪ್ಪ, ಮಹಾ ಹೊಟ್ಟೆಬಾಕ. ವರ್ನಾಳ ಅರ್ಧ ಸಾಲು ಎಲೆಕೋಸು ಆಗಲೇ ಅದರ ಹೊಟ್ಟೆ ಸೇರಿತ್ತು. ಹೊಸ ವರ್ಷದ ದಿನ ಹಂದಿಮಾಂಸದ ಜೊತೆ ಹುಳಿಹಾಕಿದ ಕೋಸು ಇಲ್ಲದಿದ್ದರೆ ಪೆನ್ಸಿಲ್ವೇನಿಯಾದಲ್ಲಿ ವರ್ಷವೇ ಹುಟ್ಟುವುದಿಲ್ಲ. ಅವಳ ಸಿಟ್ಟಿನಲ್ಲಿ ಅರ್ಥವಿತ್ತು. ಎಲ್ವುಡ್ ಮಾತ್ರ ಗುರಿ ತಪ್ಪುವ ಆಸಾಮಿಯಲ್ಲ. ಅದನ್ನು ನೆನೆದೇ ಲಮಾರ್ ಕೋವಿ ಹಿಡಿದು ಎದ್ದ.

ಅವನು ಜಗಲಿಯ ಕಟಕಟೆಯ ಮೇಲೆ ಕೋವಿಯೂರಿ ಕಣ್ಣಿಟ್ಟ. ಡುಮ್ಮ ಎರಡೂ ಕೈಯಲ್ಲಿ ಎಲೆ ಹಿಡಿದು ಕೂತು ಮೆಲ್ಲುತ್ತಿತ್ತು. ಢಂ! ಅದು ಬಿಲದ ಬಾಯಿಯವರೆಗೆ ಓಡಿ, ತಿರುಗಿ ನೋಡಿ, ಮತ್ತೆ ಬಂದು ಎಲೆಗೆ ಬಾಯಿ ಹಾಕಿತು. ಗುಂಡಿನ ಸದ್ದು ಅದಕ್ಕೆ ಊಟದ ಗಂಟೆಯಾಗಿಬಿಟ್ಟಿತ್ತು.

"ಥೂ, ಕೊಡಿಲ್ಲಿ!" ವರ್ನಾ ಕೋವಿ ಕಿತ್ತುಕೊಂಡಳು. ಮದುವೆಗೆ ಮುಂಚೆಯೇ ಜಿಂಕೆ ಹೊಡೆದವಳು ಅವಳು. ಲಮಾರ್ ಕೋವಿಗೆ ಕೈ ಚಾಚಿದ, ಅವಳು ಬಿಡಲಿಲ್ಲ.

ಕಣ್ಣಿಟ್ಟವಳು ಗುಂಡು ಹಾರಿಸದೆ ಹಾಗೇ ನಿಂತಳು. ದೊಡ್ಡ ದುರ್ಬೀನಾಗಿದ್ದರೆ ಅದರ ತುಂಬ ಡುಮ್ಮ ಮಾತ್ರ ಇರುತ್ತಿತ್ತು. ಈ ಚಿಕ್ಕದರಲ್ಲಿ ಡುಮ್ಮನ ಪಕ್ಕದ ಬೇಲಿಕಂಬವೂ ಬಂದು ಕೂತಿತ್ತು. ಕಂಬದ ನಡುವೆ, ಅಂಗೈಯಷ್ಟೂ ಅಗಲವಿಲ್ಲದ ಜಾಗದಲ್ಲಿ, ಬೇಸಿಗೆಯ ಅಷ್ಟೂ ಗುಂಡುಗಳ ತೂತುಗಳು ಒತ್ತೊತ್ತಾಗಿದ್ದವು.

"ಲಮಾರ್, ಕಣ್ಣು ಮಂಜಾದವನು ಇಷ್ಟು ಚೆನ್ನಾಗಿ ಕಂಬಕ್ಕೆ ಹೊಡೀತಾನಾ?"

ಲಮಾರ್ ತನ್ನ ಬೂಟು ನೋಡಿಕೊಂಡ. "ನೀನು ಬೆಳಗಾದರೆ ಕೌದಿ ಹೊಲಿಯೋಕೆ ಅಂತ ಚರ್ಚಿಗೆ ಹೊರಡ್ತೀಯ. ನಾನು ಕಾಫಿ ಕುಡಿಯೋವಾಗ ಎದುರಿಗೆ ಕೂತಿರೋದು ಅದೊಂದೇ ಕಣೇ."

ವರ್ನಾಳ ಮುಖ ಕೆಂಪಾಯಿತು. ಅದು ಸಿಟ್ಟೋ ಇನ್ನೇನೋ, ಇಷ್ಟು ವರ್ಷ ಸಂಸಾರ ಮಾಡಿದವನಿಗೂ ತಿಳಿಯಲಿಲ್ಲ. ಅವಳು ಮತ್ತೆ ಗುರಿ ಹಿಡಿದಳು. ಲಮಾರ್ ಕಣ್ಣು ಮುಚ್ಚಿಕೊಂಡ. ಢಂ!

ಕಣ್ಣು ಬಿಟ್ಟಾಗ ಡುಮ್ಮ ಎಲೆ ಮೆಲ್ಲುತ್ತಲೇ ಇತ್ತು. ನಡು ಸವೆದ ಕಂಬ ಮಾತ್ರ ಮೆಲ್ಲಗೆ ವಾಲಿ ಮಲಗಿತು.

"ನನಗೂ ಕಣ್ಣು ಮಂಜು," ಎಂದಳು ವರ್ನಾ. ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತು, ಅವನ ಕಾಫಿಯನ್ನೇ ಎತ್ತಿ ಗುಟುಕರಿಸಿದಳು. "ಉಳಿದ ಕೋಸಿಗೆ ಜಾಲರಿ ಕಟ್ಟು. ಆಮೇಲೆ ಹೊಸ ಕಂಬ ನೆಡು. ಎರಡು ನೆಡು, ಒಂದು ನನಗೆ."