ಎಮ್ಮೆಯ ನಾಡಿ

ನಡುರಾತ್ರಿ ಹಿತ್ತಿಲಲ್ಲಿ ಟಕ್ಕೆಂದು ಸಣ್ಣ ಸದ್ದಾಯಿತು. ವನಜಾಕ್ಷಿ ಹೋಗಿ ನೋಡಿದರೆ ಎಮ್ಮೆಯ ಕೊರಳಿನ ನಾಡಿಪಟ್ಟಿ ಕಳಚಿ ಬಿದ್ದಿತ್ತು. ಊರಿನಲ್ಲಿ ಕೈಕಾಲು ಸೆಟೆಯುವ ಕಾಯಿಲೆಯವರ ಎದೆಬಡಿತವೆಲ್ಲ, ಡಾಕ್ಟರು ಕೊಟ್ಟ ಇಂಥ ಪಟ್ಟಿಯ ಮೂಲಕ, ಅದನ್ನು ಕಟ್ಟಿದ ಎಮ್ಮೆಗಳ ಬಡಿತದ ಹಿಂದೆಯೇ ನಡೆಯುತ್ತಿತ್ತು. ಎಮ್ಮೆ ನಿರಾಳವಾಗಿದ್ದರೆ ಅವರ ಸ್ನಾಯುವೂ ಸಡಿಲ. ಬೆದರಿದ ಎಮ್ಮೆ ಪಟ್ಟಿಯನ್ನು ಮತ್ತೆ ಕಟ್ಟಲು ಅವಳನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಒಳಗೆ ಗಂಡ ಚಂದ್ರಪ್ಪನ ಕಾಲು ಸೆಟೆದು, ಎದೆ ಹೊಡೆದುಕೊಳ್ಳತೊಡಗಿತ್ತು.

"ನಿಮ್ಮದು ಪುಕ್ಕಲು ಎದೆ, ನೀವು ಮಾತ್ರ ಕಟ್ಟಿಕೊಳ್ಳಬೇಡಿ" ಎಂದು ಅವಳಿಗೆ ಹಿಂದೆಯೇ ಹೇಳಿದ್ದರು ಡಾಕ್ಟರು. ಬೇರೆ ದಾರಿಯಿಲ್ಲದೆ ವನಜಾಕ್ಷಿ ಪಟ್ಟಿಯನ್ನು ತಾನೇ ಕಟ್ಟಿಕೊಂಡು, ಅವನಿಗೆ ಕಾಣದಂತೆ ಸೆರಗು ಹೊದ್ದು, ಕತ್ತಲಲ್ಲಿ ಅವನ ಪಕ್ಕ ಕೂತಳು.

"ಎಮ್ಮೆ ಯಾಕೋ ಹೆದರಿದೆ ಕಣೇ," ಎಂದ ಚಂದ್ರಪ್ಪ, ಹಲ್ಲು ಕಚ್ಚಿಕೊಂಡೇ. "ಪಾಪ, ಸುಧಾರಿಸಿಕೊಳ್ಳಲಿ ಬಿಡು. ನಾನೇನು ಓಡಿಹೋಗ್ತೀನಾ?"

ಅವಳಿಗೆ ನಗು ಬಂದುಬಿಟ್ಟಿತು. ಉಸಿರು ಹಗುರಾಯಿತು. ಅವನ ಕಾಲೂ ಮೆಲ್ಲಗೆ ಸಡಿಲಾಯಿತು.

ಬೆಳಿಗ್ಗೆ, "ಎಮ್ಮೆಗೆ ಒಂದು ಹಿಡಿ ಹಿಂಡಿ ಜಾಸ್ತಿ ಹಾಕು" ಎಂದ. ಹಾಕಿದಳು. ರಾತ್ರಿ ಬಡಿದದ್ದು ಯಾರ ಎದೆಯೆಂದು ಅವನಿಗಾಗಲಿ ಡಾಕ್ಟರಿಗಾಗಲಿ ಹೇಳುವುದು ಬೇಡವೆಂದು ತೀರ್ಮಾನಿಸಿದಳು.